ಅವ್ವನ ಅಕ್ಕಡಿ ಸಾಲು

ನಲವತ್ತೇಳರ ಹಿಂಗಾರಿ ಬಿತ್ತನೆಯ ಹೊತ್ತಿಗೆ ಶಹರದ ವಿಶ್ವವಿದ್ಯಾಲಯದಿಂದ ಒಬ್ಬ ಪ್ರಾಧ್ಯಾಪಕರು ಅತನೂರಿನ ನಮ್ಮ ಹೊಲಕ್ಕೆ ಬಂದರು. ಓದಿದವರ ವಿದ್ಯೆ ಒಕ್ಕಲುತನದವರಿಗೂ ಮುಟ್ಟಬೇಕೆಂದು ಊರೂರು ಸುತ್ತುತ್ತಿದ್ದರು. ಗಡಿಯಾಚೆ ಸ್ವಾತಂತ್ರ್ಯ ಬಂದಿತ್ತು. ನಮ್ಮಲ್ಲಿ ಇನ್ನೂ ನಿಜಾಮರ ರಾಜ್ಯ, ಕಾಗದಪತ್ರವೆಲ್ಲ ಉರ್ದು. ಪ್ರಾಧ್ಯಾಪಕರಿಗೆ ಕನ್ನಡ ಬರುತ್ತಿರಲಿಲ್ಲ. ಮಾತು ತಿಳಿಸಲೆಂದು ಜೇವರ್ಗಿ ಕಡೆಯ ಒಬ್ಬ ವಿದ್ಯಾರ್ಥಿಯನ್ನು ಕರೆತಂದಿದ್ದರು.

ಹಿಂದಿನ ವಾರ ಅವರು ಊರಿಗೆ ಬಂದಾಗಲೇ ಅಪ್ಪ ಒಪ್ಪಿಬಿಟ್ಟಿದ್ದ. ಅವರು ಕೊಟ್ಟ ಹೊಸ ಜೋಳ ನಮ್ಮ ಹೊಲದಲ್ಲಿ ಬಿತ್ತುವುದು, ಸುಗ್ಗಿಯಲ್ಲಿ ಅವರು ಬಂದು ತೂಗಿ ಸುತ್ತಲಿನ ಊರವರಿಗೆ ತೋರಿಸುವುದು. ಆ ಮಾತು ತೆಗೆದರೆ ಸಾಕು, ಅಪ್ಪನ ಕೈ ಮೀಸೆಗೆ ಹೋಗುತ್ತಿತ್ತು.

ಅವ್ವ ಮಾತ್ರ ಉಡಿಯಲ್ಲಿ ಅಗಸೆ, ಕುಸುಬೆ, ಕಡಲೆ ಕಟ್ಟಿಕೊಂಡು ಬಂದಿದ್ದಳು. ಏಳು ಸಾಲು ಜೋಳಕ್ಕೆ ಒಂದು ಸಾಲು ಇಂಥ ಕಾಳು ಬಿತ್ತುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಅಕ್ಕಡಿ ಎನ್ನುತ್ತೇವೆ. ಬಿತ್ತುವ ಕೂರಿಗೆಯ ಬಟ್ಟಲಿನ ಒಂದು ತೂತಿಗೆ ಚಿಂದಿ ತುರುಕಿ ಜೋಳ ತಡೆದು, ಆ ಸಾಲಿನಲ್ಲಿ ಹಿಂದಿನಿಂದ ಬಿದಿರಿನ ಕೊಳವೆಯಲ್ಲಿ ಅಕ್ಕಡಿ ಕಾಳು ಬಿಡಬೇಕು. ಜೋಳ ಗಂಡಸರದು, ಅಕ್ಕಡಿ ಮನೆಯ ಹೆಂಗಸರದು. ವರ್ಷದ ಎಣ್ಣೆ, ಹಿಂಡಿ, ಬಾಣಂತಿಯ ಉಂಡೆ ಎಲ್ಲವೂ ಅದರಿಂದಲೇ. ಅದಕ್ಕಾಗಿ ಯಾರ ಮುಂದೆಯೂ ಕೈ ಒಡ್ಡಬೇಕಿರಲಿಲ್ಲ. ಆ ವರ್ಷ ಅಕ್ಕ ಬಸುರಿ.

ಪ್ರಾಧ್ಯಾಪಕರು ಅವ್ವನ ಉಡಿ ನೋಡಿ ಏನೋ ಹೇಳಿದರು.

“ಅವ್ವಾರ, ಈ ಹೊಲದಾಗ ಅಕ್ಕಡಿ ಬ್ಯಾಡಂತ್ರಿ,” ಎಂದ ವಿದ್ಯಾರ್ಥಿ. “ಬರೇ ಜೋಳ ಇದ್ರ ತೂಕ ಬರೋಬ್ಬರಿ ತಿಳೀತದಂತ.”

“ತೂಕ ಅವರಿಗೆ ತಿಳೀತದ. ನನ್ನ ಮಗಳ ಬಾಣಂತನಕ್ಕ ಅಗಸಿ ಅವರ ಕಾಲೇಜು ಕೊಡ್ತದೇನು? ಕೇಳು.”

ವಿದ್ಯಾರ್ಥಿ ಗಂಟಲು ಸರಿಮಾಡಿಕೊಂಡು, ತಾಯಿಯವರು ವಿಚಾರ ಮಾಡಿ ತಿಳಿಸುತ್ತಾರಂತೆ ಎಂದು ಉರ್ದುವಿನಲ್ಲಿ ಹೇಳಿದ. ಅಫಜಲಪುರದ ಸಂತೆಯಲ್ಲಿ ವರ್ಷಗಟ್ಟಲೆ ಮೆಣಸಿನಕಾಯಿ ಮಾರಿದವಳು ಅವ್ವ. ಆ ಭಾಷೆ ಅವಳಿಗೆ ಹೊಸದಲ್ಲ.

“ಏ ತಮ್ಮಾ, ನಾ ಅಷ್ಟು ಮೆತ್ತಗ ಎಲ್ಲಿ ಹೇಳೇನೋ? ಹೇಳಿದ್ದು ಹೇಳಿದಂಗ ಹೇಳು. ಇಲ್ಲಾಂದ್ರ ನಾನs ಹೇಳ್ತೇನಿ.”

ವಿದ್ಯಾರ್ಥಿಯ ಮುಖ ಕೆಂಪಾಯಿತು. ಅಪ್ಪ ನೆಲ ನೋಡುತ್ತ ಗೊಣಗಿದ: “ಮಂದಿ ಮುಂದ ಮರ್ಯಾದಿ ತೆಗೀಬ್ಯಾಡ. ನಾ ಮಾತು ಕೊಟ್ಟೇನಿ.”

“ನಿಮ್ಮ ಜೋಳದ ಮಾತು ಕೊಡ್ರಿ. ನನ್ನ ಸಾಲಿನ ಮಾತು ನೀವ್ಹೆಂಗ ಕೊಡ್ತೀರಿ?”

ಜೋಳ ಹೊಯ್ಯಲು ಕೂರಿಗೆಯ ಬಟ್ಟಲಿನ ಬಳಿ ನಿಂತಿದ್ದ ನನ್ನನ್ನು ಸರಿಸಿ, ಅವ್ವ ಸೊಂಟದಿಂದ ಚಿಂದಿ ತೆಗೆದು ತೂತಿಗೆ ಬಿಗಿಯಾಗಿ ತುರುಕಿದಳು.

ಪ್ರಾಧ್ಯಾಪಕರು ಸಿಟ್ಟಾಗಲಿಲ್ಲ. ಅಕ್ಕಡಿ ಇದ್ದರೆ ಈ ಹೊಲವನ್ನು ಪ್ರಯೋಗದ ಯಾದಿಯಿಂದ ತೆಗೆಯಲೇಬೇಕು, ಕಾಯಿದೆ ಹಾಗಿದೆ ಎಂದರು. ವಿದ್ಯಾರ್ಥಿ ಈ ಸಲ ಏನೂ ಮೆತ್ತಗೆ ಮಾಡದೆ ಹೇಳಿದ.

“ತೆಗೀಲಿ ಅನ್ನು.”

ವಿದ್ಯಾರ್ಥಿ ದಫ್ತರ ಬಿಚ್ಚಿ ಬರೆದ. ಏನು ಬರೆದೆ ಎಂದು ಅವ್ವ ಕೇಳಿದಾಗ, ಹೊಲದ ಧಣಿ ಒಪ್ಪಲಿಲ್ಲವೆಂದು ಅಪ್ಪನ ಹೆಸರು ಓದಿದ.

“ಅವರೆಲ್ಲಿ ಒಲ್ಲೆ ಅಂದಾರ? ಅಂದಾಕಿ ನಾನು. ನನ್ನ ಹೆಸರು ಬರಿ.”

“ಇಲ್ಲಿ ಧಣಿ ಹೆಸರಿಗಷ್ಟs ಜಾಗಾ ಅದರಿ, ಅವ್ವಾರ.”

“ಬಾಜೂಕ ಖಾಲಿ ಅದಲ್ಲ, ಅಲ್ಲಿ ಬರಿ.”

ಜಗಳವೇನೆಂದು ಪ್ರಾಧ್ಯಾಪಕರು ಕೇಳಿದರು. ವಿದ್ಯಾರ್ಥಿ ಇದ್ದದ್ದು ಇದ್ದಂತೆ ಹೇಳಿದ. ಅವರು ಅವ್ವನನ್ನೂ ದಫ್ತರವನ್ನೂ ನೋಡಿ, “ಲಿಖೋ,” ಎಂದರು.

ವಿದ್ಯಾರ್ಥಿ ಬರೆದ ತನ್ನ ಹೆಸರನ್ನು ಅವ್ವ ಎರಡು ಸಲ ಓದಿಸಿ ಕೇಳಿದಳು. ಪ್ರಾಧ್ಯಾಪಕರು ಕೊಟ್ಟ ಬೀಜದ ಚೀಲ ತಾನೇ ಹೊತ್ತು ಅವರು ಬಂದ ಗಾಡಿಯಲ್ಲಿ ಇಟ್ಟಳು. ಅಪ್ಪ ತುಟಿ ಬಿಗಿದುಕೊಂಡು ಮನೆಯ ಜೋಳ ತರಲು ಊರ ಕಡೆ ನಡೆದ. ಅದೂ ಅವ್ವನೇ ತೆನೆ ಆರಿಸಿ ಇಟ್ಟ ಬೀಜ.