ಮುದುಕರ ಫೋಟೋದವರು

ಫೋಟೋದವರ ಮೂಗು ಅಂದ್ರೆ ಯಾರೋ ಮೇಲೆ ಕೂತು ಎದ್ದ ಇಡ್ಲಿ. ಪ್ರಾಯದಲ್ಲಿ ಬಾಕ್ಸಿಂಗ್ ಆಡಿ ಮೂರು ಸಲ ಮುರಿದದ್ದಂತೆ. ನಾನು ಹೇಳುವಾಗ ಹನ್ನೊಂದು ಸಲ ಆಗ್ತದೆ. ಆ ಮೂಗಲ್ಲಿ ಅವರು ಉಸಿರೆಳೆದ್ರೆ ಗಾರ್ಡಿನ ಸೀಟಿ ಅಂತ ತಿಳಿದು ಸಯನ್‌ನಿಂದ ಲೋಕಲ್ ರೈಲು ಹೊರಡ್ತಿತ್ತು.

ನಮ್ಮ ಚಾಳ್‌ನ ಕೆಳಗಿನ ಖೋಲಿಯಲ್ಲಿ ಒಬ್ರೇ ಇದ್ರು. ಆದಿತ್ಯವಾರ ಬಂತಂದ್ರೆ ಕ್ಯಾಮೆರಾ, ಹಳೇ ಬಾಕ್ಸಿಂಗ್ ಗ್ಲೌಸ್ ಹಿಡ್ಕೊಂಡು ಮುದುಕರನ್ನ ಹುಡುಕ್ತಿದ್ರು. ಗ್ಲೌಸ್ ಹಾಕ್ಸಿ, ಕೈ ಎತ್ತಿಸಿ, ಫೋಟೋ. ನಾನು ಎದೆ ಉಬ್ಬಿಸಿ ನಿಂತ್ರೆ, "ನೀನು ಇನ್ನೊಂದೈವತ್ತು ವರ್ಷ ಬಿಟ್ಟು ಬಾಪ್ಪ" ಅಂದ್ರು.

ಇಂಥಾ ಹೀರೋನ ಬಿಟ್ಟು ಬೊಚ್ಚುಬಾಯಿಗಳ ಫೋಟೋ? ಅದೂ ಪುಕ್ಕಟೆ? ಏನೋ ಗೋಲ್‌ಮಾಲ್ ಇದೆ ಅಂತ ಸಿಐಡಿ ಥರ ಹಿಂದೆ ಬಿದ್ದೆ. ಒಂದಿನ ಧಾರಾವಿ ಹತ್ರ ಫ್ರೇಮ್ ಅಂಗಡಿಗೆ ನುಗ್ಗಿದ್ರು. ಸಾಕಲ್ಲ! "ಅದು ಸತ್ಮೇಲೆ ಹಾರ ಹಾಕೋ ಫೋಟೋ. ಇವರು ಕ್ಲಿಕ್ ಮಾಡಿದ ಮುದುಕ ಮೂರೇ ತಿಂಗಳಲ್ಲಿ ಖಲಾಸ್" ಅಂತ ಇಡೀ ಚಾಳ್‌ಗೆ ಹಂಚಿದೆ. ಅವರನ್ನ ಕಂಡ್ರೆ ಬಾಗಿಲು ಧಡ್ ಧಡ್ ಅಂತ ಮುಚ್ಚಿಕೊಳ್ತಿದ್ವು.

ನಮ್ಮಜ್ಜ ಬಿದ್ದು ಸೊಂಟ ಉಳುಕಿಸಿಕೊಂಡು ನಾಲ್ಕು ತಿಂಗಳಿಂದ ಮಂಚ ಬಿಟ್ಟಿರ್ಲಿಲ್ಲ. ಅವರೊಬ್ರೇ, "ಕರಿ ಆ ಫೋಟೋದವರನ್ನ" ಅಂದ್ರು. "ಇನ್ನು ನಾನು ಏಳುದಿಲ್ಲ. ಹಾರ ಹಾಕ್ಲಿಕ್ಕೆ ಒಂದು ಫೋಟೋ ಆದ್ರೂ ಇರ್ಲಿ." ಅಮ್ಮ ಅತ್ತೇಬಿಟ್ಲು. ನಾನೇ ಕೆಳಗಿನ ಖೋಲಿಗೆ ಹೋಗಿ ಕರೆದೆ.

ಫೋಟೋದವರು ಬಂದು ಮಂಚದ ಹತ್ರ ನಿಂತ್ರು. "ಮಲಗಿದವರ ಫೋಟೋ ತೆಗಿಯೋಕೆ ನಂಗೆ ಬರಲ್ಲ ಯಜಮಾನ್ರೇ. ಏಳಿ."

"ನಾನು ಹೋಟೆಲಲ್ಲಿ ಹಿಟ್ಟು ರುಬ್ಬಿದವ ಮಾರಾಯ್ರೆ. ಬಾಕ್ಸಿಂಗ್ ನಂಗೆಂತ ಗೊತ್ತು?"

"ರುಬ್ಬಿದ ಕೈ ತಾನೇ? ಎತ್ತಿ."

ಅಜ್ಜ ಗ್ಲೌಸ್ ಹಾಕ್ಸಿಕೊಂಡು ಗೋಡೆಗೆ ಒರಗಿ ನಿಂತ್ರು. ಕೈ ಎತ್ತಿದ್ರು, ನಡುಗಿ ಇಳೀತು. ಕ್ಲಿಕ್ ಇಲ್ಲ. ಮತ್ತೆ ಎತ್ತಿದ್ರು. ಆಗಲೂ ಇಲ್ಲ.

"ಕೈ ಸೋತದ್ದು ಕಾಣ್ತದಲ್ಲ, ಇನ್ನೆಂತ ಬೇಕು ನಿಮ್ಗೆ?"

"ಸೋತಮೇಲೆ ಬರುತ್ತಲ್ಲ, ಅದು."

ಅಜ್ಜನಿಗೆ ಸಿಟ್ಟು ನೆತ್ತಿಗೇರ್ತು. ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ಅವರಿಗೇ ಗುದ್ದಲಿಕ್ಕೆ ಕೈ ಬೀಸಿದ್ರು. ಕ್ಲಿಕ್!

ಫೋಟೋ ನೋಡಿ ಅಮ್ಮ, "ಇದಕ್ಕೆ ಹಾರ ಹಾಕ್ಲಿಕ್ಕೆ ಹೋದವರ ಹಲ್ಲು ಉದುರ್ತದೆ" ಅಂದ್ಲು. ಆಮೇಲೆ ಅಜ್ಜ ದಿನಾ ನಡೆದ್ರು, ಅದೇ ಸಿಟ್ಟಲ್ಲಿ.

ಮರುವರ್ಷ ಜ್ವರ ಬಂದು ತೀರಿಹೋದದ್ದು ಫೋಟೋದವರು. ಫೋಟೋ ತೆಗೆದ್ರೆ ಖಲಾಸ್ ಅನ್ನೋ ಸುದ್ದಿ ಹಬ್ಬಿಸಿದ್ದು ನಾನೇ ಅಂತ ಅವರಿದ್ದಾಗ ಹೇಳ್ಲಿಕ್ಕೆ ನಂಗೆ ಬಾಯಿ ಬರ್ಲೇ ಇಲ್ಲ. ಚಟ್ಟಕ್ಕೆ ಹೆಗಲು ಕೊಡ್ಲಿಕ್ಕೆ ಅಜ್ಜ ಮುಂದೆ ನಿಂತ್ರು, ನಾನು ಅವರ ಹಿಂದೆ. ಗಲ್ಲಿ ದಾಟುವಷ್ಟರಲ್ಲಿ ನಾನು ಎರಡು ಸಲ ಬೇರೆಯವರಿಗೆ ಜಾಗ ಬಿಟ್ಟೆ. ಇದಕ್ಕೆ ಮಾತ್ರ ನಾನು ಉಪ್ಪುಖಾರ ಹಾಕಿಲ್ಲ: ಅಜ್ಜ ಒಂದು ಸಲವೂ ಜಾಗ ಬಿಡ್ಲಿಲ್ಲ.