ಆಮೆಗಳಿಗಾಗಿ ರಸ್ತೆಗಿಳಿದ ಮೇಲ್ವಿಚಾರಕಿ

ಸಾರ್ವಜನಿಕ ಉದ್ಯಾನವೆಂದರೆ ಹೂವಿನ ಪಾತಿ, ಕಾರಂಜಿ, ಬೆಂಚುಗಳೆಂದೇ ತಿಳಿದಿರುವ ನಮ್ಮ ಇಲಾಖೆಯಲ್ಲಿ, ಅಲ್ಲಿ ವಾಸವಾಗಿರುವ ಪ್ರಾಣಿಗಳೂ ಅದರ ಹಕ್ಕುದಾರರೆಂದು ಮೂವತ್ತೊಂದು ವರ್ಷ ಬಿಡದೆ ವಾದಿಸಿದವರು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಲ್ವಿಚಾರಕಿಯವರು. ಅವರಿಗಿಂತ ಹೆಚ್ಚು ಗುಲಾಬಿ ಬೆಳೆಸಿದವರಿದ್ದಾರೆ, ಹೆಚ್ಚು ಪದಕ ಪಡೆದವರಂತೂ ಬೇಕಾದಷ್ಟಿದ್ದಾರೆ. ಆದರೆ ಆಮೆಯೊಂದಕ್ಕಾಗಿ ಕಾಲು ಮುರಿಸಿಕೊಂಡವರು ಮತ್ತೊಬ್ಬರಿಲ್ಲ. ಇಂಥ ಅಭಿನಂದನ ಸಂಪುಟಕ್ಕೆ ಹಿತವಾದ ಮಾತುಗಳನ್ನಷ್ಟೇ ಬರೆಯಬೇಕೆಂದು ಸಂಪಾದಕರ ಸೂಚನೆ. ಕ್ಷಮಿಸಬೇಕು, ಅವರ ಸೇವೆಯ ಕತೆಯನ್ನು ಸಿಟ್ಟಿಲ್ಲದೆ ಹೇಳಲು ನನಗೆ ಬಾರದು.

ನಮ್ಮ ಉದ್ಯಾನದ ನಡುವೆ ಒಂದು ರಸ್ತೆಯಿದೆ. ಹೊರಗಿನ ಸೇತುವೆ ದುರಸ್ತಿಯಾಗುವವರೆಗೆ, ಆರು ತಿಂಗಳ ಮಟ್ಟಿಗೆ, ಎಂದು ವಾಹನಗಳಿಗೆ ತೆರೆದದ್ದು. ಸೇತುವೆ ದುರಸ್ತಿಯಾಯಿತು, ಹಾಳಾಯಿತು, ಮತ್ತೆ ದುರಸ್ತಿಯಾಯಿತು. ರಸ್ತೆ ಮಾತ್ರ ಮುಚ್ಚಲಿಲ್ಲ. ನಾಲ್ಕು ನಿಮಿಷ ಉಳಿಯುತ್ತದೆಂದು ಊರಿಗೆ ಊರೇ ಅದರಲ್ಲಿ ನುಗ್ಗತೊಡಗಿತು. ಕೊಳ ರಸ್ತೆಯ ಈಚೆಗೆ, ಆಮೆಗಳು ಮೊಟ್ಟೆಯಿಡುವ ಮರಳು ದಿಬ್ಬ ಆಚೆಗೆ. ಮೊಟ್ಟೆಯ ಕಾಲದಲ್ಲಿ ಬೆಳಗಿನ ಹೊತ್ತು ಹೆಣ್ಣಾಮೆಗಳು ದಾಟಲೇಬೇಕು. ಕಚೇರಿ, ಶಾಲೆಗಳ ಧಾವಂತವೂ ಅದೇ ಹೊತ್ತಿಗೆ.

ನಾನು ಸಹಾಯಕನಾಗಿ ಸೇರಿದ ಮೊದಲ ವಾರ, ಚಕ್ರಕ್ಕೆ ಸಿಕ್ಕಿ ಸತ್ತ ಆಮೆಯೊಂದನ್ನು ಸಲಿಕೆಯಲ್ಲಿ ಎತ್ತಿ ಎಸೆಯಲು ಹೊರಟಿದ್ದೆ. ಅವರು ತಡೆದರು. ಟಾರಿನ ಮೇಲೆ ಮಂಡಿಯೂರಿ, ಬಿರಿದ ಚಿಪ್ಪಿನೊಳಗಿಂದ ಒಡೆಯದೆ ಉಳಿದಿದ್ದ ಐದು ಮೊಟ್ಟೆಗಳನ್ನು ತೆಗೆದು, ದಿಬ್ಬಕ್ಕೆ ಒಯ್ದು ಹೂತರು. ಅಷ್ಟು ಹೊತ್ತೂ ಹಿಂದೆ ಹಾರ್ನ್‌ಗಳು ಬೊಬ್ಬೆಯಿಡುತ್ತಿದ್ದವು. ಎರಡು ತಿಂಗಳ ಮೇಲೆ ಮೂರು ಮರಿಗಳು ಹೊರಬಂದವು. ನನ್ನ ನೌಕರಿ ಏನೆಂಬುದು ನನಗೆ ತಿಳಿದದ್ದು ಆಗ.

ವರ್ಷಕ್ಕೆ ಮೂರು ತಿಂಗಳು, ಬೆಳಗಿನ ಹೊತ್ತು ಮೂರೇ ಗಂಟೆ ಕಾಲ ರಸ್ತೆ ಮುಚ್ಚಿರೆಂದು ಅವರು ಅರ್ಜಿ ಮೇಲೆ ಅರ್ಜಿ ಬರೆದರು. ಅಂದಿನ ಮುಖ್ಯಾಧಿಕಾರಿಗಳು ತುಂಬಿದ ಸಭೆಯಲ್ಲಿ ನಕ್ಕು, "ಆಮೆಗಳಿಗೆ ಬೇರೆ ದಾರಿ ಇಲ್ವೇನಮ್ಮಾ?" ಎಂದರು.

"ಅವು ಓಡಾಡೋಕೆ ಶುರು ಮಾಡಿದಾಗ ಈ ರಸ್ತೆನೇ ಇರ್ಲಿಲ್ಲ ಸರ್," ಎಂದರು ಇವರು.

ಉತ್ತರವಾಗಿ ಸಿಕ್ಕಿದ್ದು 'ನಿಧಾನವಾಗಿ ಚಲಿಸಿ' ಎಂಬ ಒಂದು ಫಲಕ. ಅದನ್ನೂ ದಟ್ಟ ಪೊದೆಯ ಹಿಂದೆ ನೆಟ್ಟರು; ಓದಬೇಕಾದರೆ ಆಮೆಗಳೇ ಓದಬೇಕಿತ್ತು.

ಆಮೇಲೆ ಅವರು ತಾವೇ ರಸ್ತೆಗಿಳಿದರು. ದರ್ಜಿಯಾದ ಅವರ ಯಜಮಾನರು ಹಳೆಯ ಛತ್ರಿಯ ಕೆಂಪು ಬಟ್ಟೆಯಲ್ಲಿ ಬಾವುಟ ಹೊಲಿದುಕೊಟ್ಟರು. ಬಾವುಟ ಬೀಸಿ, ವಾಹನ ನಿಲ್ಲಿಸಿ, ಆಮೆ ದಾಟಿದ ಮೇಲೆ ಸವಾರರಿಗೆ ಕೈಮುಗಿದು ಬಿಡುತ್ತಿದ್ದರು. ಜನ ಅವರನ್ನು 'ಬ್ರೇಕಮ್ಮ' ಎಂದು ಕರೆದರು. ಕೆಲವರು ಪ್ರೀತಿಯಿಂದ, ಹೆಚ್ಚಿನವರು ಹಲ್ಲು ಕಡಿಯುತ್ತ. ಒಂದು ಬೆಳಗ್ಗೆ ಶಾಲೆಯ ವ್ಯಾನೊಂದು ನಿಲ್ಲಲಿಲ್ಲ. ಆಮೆ ಬದುಕಿತು, ಅವರ ಬಲಪಾದದ ಮೇಲೆ ಚಕ್ರ ಹರಿಯಿತು.

ವಿಚಾರಣೆ ನಡೆಯಿತು. ಯಾರ ಮೇಲೆ? ಅನುಮತಿಯಿಲ್ಲದೆ ಸಂಚಾರಕ್ಕೆ ಅಡ್ಡಿಪಡಿಸಿದರೆಂದು, ಊರುಗೋಲು ಹಿಡಿದು ನಿಂತಿದ್ದ ಅವರ ಮೇಲೆ! ವ್ಯಾನಿನ ಚಾಲಕ ಯಾರೂ ಕರೆಯದೆ ತಾನಾಗಿ ಬಂದು, "ಅವ್ರು ಕೈ ತೋರಿಸಿದ್ದು ಕಾಣಿಸ್ತು. ನಿಲ್ಲಿಸ್ಲಿಲ್ಲ. ತಪ್ಪು ನಂದು," ಎಂದ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಬರೆದುಕೊಂಡದ್ದು ನನ್ನ ಹೇಳಿಕೆ. ಅವರು ಹಟಮಾರಿತನದಿಂದ ರಸ್ತೆಗೆ ಅಡ್ಡ ನಿಂತರೆಂದು ಮೊದಲೇ ಸಿದ್ಧಪಡಿಸಿದ್ದ ಕಾಗದಕ್ಕೆ, ನೌಕರಿ ಇನ್ನೂ ಖಾಯಂ ಆಗದ ನಾನು ಸಹಿ ಹಾಕಿದೆ. ಇಲಾಖೆಯ ಮೇಲಿನ ನನ್ನ ಸಿಟ್ಟಿನಲ್ಲಿ ನನ್ನ ಮೇಲಿನದೂ ಸೇರಿದೆ.

ಕಿಟಕಿಯಿಲ್ಲದ ಬೀಜದ ಉಗ್ರಾಣಕ್ಕೆ ಅವರನ್ನು ಎರಡು ವರ್ಷ ಹಾಕಿದರು. ಆ ಎರಡು ವರ್ಷಗಳಲ್ಲಿ ರಸ್ತೆಯಿಂದ ನಾವು ಎತ್ತಿದ್ದು ಸತ್ತ ತೊಂಬತ್ತನಾಲ್ಕು ಆಮೆಗಳನ್ನು. ಅದೇ ಅವಧಿಯಲ್ಲಿ ನನ್ನ ಹೆಂಡತಿ ಹೆರಿಗೆಗೆ ಆಸ್ಪತ್ರೆ ಸೇರಿದಾಗ ರಜೆ ಮಂಜೂರಾಗಲಿಲ್ಲ. ನನ್ನ ಸರದಿಯನ್ನು ಮೂರು ದಿನ ಕುಂಟುತ್ತ ನಿಭಾಯಿಸಿದವರು, ನನ್ನ ಹೇಳಿಕೆಯನ್ನು ಪೂರ್ತಿ ಓದಿದ್ದ ಅವರೇ.

ಉಗ್ರಾಣಕ್ಕೆ ಆಗಾಗ ಬಂದು ಅವರನ್ನು ವಿಚಾರಿಸಿಕೊಂಡು ಹೋಗುತ್ತಿದ್ದವನು ಆ ವ್ಯಾನಿನ ಚಾಲಕ. ಅವರಿಬ್ಬರೂ ಕೂತು ಸೇತುವೆಯ ಹೊರದಾರಿಗೆ ಹಿಡಿಯುವ ಸಮಯ ಲೆಕ್ಕ ಹಾಕಿದರು. ಆತ ಊರಿನ ಅರವತ್ತು ಶಾಲಾ ವ್ಯಾನುಗಳವರನ್ನು ಒಪ್ಪಿಸಿ, ತಾವು ಸೇತುವೆ ಬಳಸಿ ಹೋಗುತ್ತೇವೆಂದು ಸಹಿ ಮಾಡಿಸಿ ತಂದ. ರಸ್ತೆ ಮುಚ್ಚಿದರೆ 'ಮಕ್ಕಳಿಗೆ ತೊಂದರೆ' ಎಂಬ ಇಲಾಖೆಯ ಏಕೈಕ ನೆಪ ಅಲ್ಲಿಗೆ ಮುಗಿಯಿತು. ಅವರು ಕೇಳಿದ್ದ ಮೂರು ಗಂಟೆ, ಮೂರು ತಿಂಗಳು ಕೊನೆಗೂ ಸಿಕ್ಕಿತು. ಕಳೆದ ವರ್ಷ ಆ ಹೊತ್ತಿನಲ್ಲಿ ಒಂದು ಆಮೆಯೂ ಸಾಯಲಿಲ್ಲ. ಉಳಿದ ಹೊತ್ತಿನಲ್ಲಿ ಅಳಿಲು, ಮುಂಗುಸಿ, ಕಪ್ಪೆಗಳು ಇಂದಿಗೂ ಸಾಯುತ್ತಿವೆ.

ಈ ಸಂಪುಟದ ಮೊದಲ ಪುಟದಲ್ಲಿ ಅವರನ್ನು 'ಇಲಾಖೆಯ ಹೆಮ್ಮೆ' ಎಂದು ಹೊಗಳಿರುವ ಶುಭಸಂದೇಶವನ್ನು ಓದುಗರು ನೋಡಿರಬಹುದು. ಬರೆದವರು ಅದೇ ಮುಖ್ಯಾಧಿಕಾರಿಗಳು. ಉಗ್ರಾಣದ ಆದೇಶಕ್ಕೆ ಸಹಿ ಹಾಕಿದವರು. ಈಗ ಬಡ್ತಿ ಪಡೆದು, ಅದೇ ರಸ್ತೆಯನ್ನು ಅಗಲಗೊಳಿಸುವ ಪ್ರಸ್ತಾವಕ್ಕೂ ಅವರೇ ಸಹಿ ಹಾಕಿದ್ದಾರೆ.

ಹೋದ ವಾರ ನಮ್ಮ ಮೇಲ್ವಿಚಾರಕಿಯವರ ಮನೆಗೆ ಹೋಗಿ, ಇಷ್ಟು ವರ್ಷ ನುಂಗಿಕೊಂಡಿದ್ದ ಕ್ಷಮೆಯನ್ನು ಕೇಳಿದೆ. ಯಜಮಾನರ ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದ ಅವರು ತಲೆಯೆತ್ತಿದರು.

"ನಿಂಗೂ ಹೆದರಿಕೆ ಇತ್ತು, ಗೊತ್ತು ಬಿಡಪ್ಪ. ಮುಂದಿನ ತಿಂಗಳು ರಸ್ತೆ ಅಗಲ ಮಾಡೋ ಸಭೆ ಇದೆಯಲ್ಲ, ಅಲ್ಲಿ ಬಾಯಿ ಬಿಡು."

ಆ ರಸ್ತೆ ಪೂರ್ತಿ ಮುಚ್ಚಿ ಹುಲ್ಲು ಬೆಳೆಯುವುದನ್ನು ಕಾಣುವಷ್ಟು ಆಯಸ್ಸು ಅವರಿಗಿರಲಿ. ನಮ್ಮ ಕಡತಗಳ ನಡಿಗೆ ನೋಡಿದರೆ ನೂರು ವರ್ಷವೂ ಸಾಲದು, ಇನ್ನಷ್ಟಿರಲಿ. ನಿವೃತ್ತರಾದವರನ್ನು ಯಾವ ಉಗ್ರಾಣಕ್ಕೂ ಹಾಕಲಾಗದು, ಆದ್ದರಿಂದ ಅವರ ಕೆಲಸವೂ ನಿರಾತಂಕವಾಗಿ ಸಾಗಲಿ. ಆ ಸಭೆಯಲ್ಲಿ ಮಾತನಾಡುವವರ ಪಟ್ಟಿಗೆ ನನ್ನ ಹೆಸರನ್ನು ನಿನ್ನೆ ಬರೆಸಿ ಬಂದಿದ್ದೇನೆ.