ಹುಣಸೆಹಣ್ಣಿನಲ್ಲಿ ತಿಕ್ಕಿದ ತೋಟಾ

ನನ್ನ ಅಳಿಯ ಪಿಸ್ತೂಲಿನ ತೋಟಾ ತುಂಬುವುದನ್ನು ಕಲಿತದ್ದು ಪುಂಗೋಲಿನ ಫ್ಲ್ಯಾಟಿನ ಅಡುಗೆಮನೆಯಲ್ಲಿ, ರಾಗಿ ಕಾಳಿನಿಂದ. ಪಿಸ್ತೂಲು ಇರಲಿಲ್ಲ, ಮದ್ದು ಇರಲಿಲ್ಲ, ಗುಂಡೂ ಇರಲಿಲ್ಲ. ಅವನ್ನೆಲ್ಲ ಮನೆಯಲ್ಲಿ ಇಟ್ಟುಕೊಂಡರೆ ಸಿಂಗಾಪುರದಲ್ಲಿ ಆಮೇಲೆ ಇರಲು ಮನೆ ಬೇಕಾಗುವುದಿಲ್ಲ, ಸರ್ಕಾರವೇ ಜಾಗ ಕೊಡುತ್ತದೆ. ಆದರೆ ಕಲಿಯುವುದಕ್ಕೇನು ತಪ್ಪು ಎಂದು ಅವನ ವಾದ.

ಬ್ಯೂನಾ ವಿಸ್ಟಾದಲ್ಲಿ ಅವನದು ಕಂಪ್ಯೂಟರ್ ಕೆಲಸ. ಕೂತು ಕೂತು ಬೆನ್ನು ಬಾಗಿತ್ತು. ಏನಾದರೂ ಆಟ ಆಡಿ ಎಂದು ಡಾಕ್ಟರು ಹೇಳಿದರು. ಲೋಕದವರು ಬ್ಯಾಡ್ಮಿಂಟನ್ ಆಡುತ್ತಾರೆ, ಈಜುತ್ತಾರೆ. ಇವನು ನಿಂತಲ್ಲೇ ನಿಂತು ಆಡುವ ಆಟ ಹುಡುಕಿಕೊಂಡು ಒಂದು ಶೂಟಿಂಗ್ ಕ್ಲಬ್ಬಿಗೆ ಸೇರಿದ. ಅಲ್ಲಿ ಪಿಸ್ತೂಲು ಅವರದೇ, ಗುಂಡು ಅವರದೇ, ಹೊಡೆದ ಮೇಲೆ ನೆಲಕ್ಕೆ ಉದುರುವ ಖಾಲಿ ಹಿತ್ತಾಳೆ ತೋಟಾವೂ ಅವರದೇ. ಒಂದು ಬಿಡದೆ ಎಣಿಸಿ ವಾಪಸು ತೆಗೆದುಕೊಳ್ಳುತ್ತಾರಂತೆ, ಮದುವೆ ಮುಗಿದ ಮೇಲೆ ಬೆಳ್ಳಿ ಲೋಟ ಎಣಿಸುವ ಬೀಗಿತ್ತಿಯ ಹಾಗೆ.

ಬೇರೆ ದೇಶಗಳಲ್ಲಿ ಜನ ಆ ಖಾಲಿ ತೋಟಾಗಳನ್ನು ಮನೆಗೆ ತಂದು, ತಾವೇ ಮದ್ದು ತುಂಬಿ, ಹೊಸ ಗುಂಡು ಕೂರಿಸುತ್ತಾರೆ ಎಂದು ಇವನಿಗೆ ಯಾವುದೋ ವಿಡಿಯೋದಲ್ಲಿ ಗೊತ್ತಾಯಿತು. ಅಲ್ಲಿಂದ ಶುರು. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಬಂತು. ತೋಟಾದ ಬದಲು ಪೆನ್ನಿನ ಕ್ಯಾಪು, ಮದ್ದಿನ ಬದಲು ನನ್ನ ರಾಗಿ, ಒತ್ತುವ ಯಂತ್ರದ ಬದಲು ನನ್ನ ಚಕ್ಕುಲಿ ಒರಳು. ಊಟದ ಮೇಜಿನ ಮೇಲೆ ಕನ್ನಡಕ ಏರಿಸಿ ರಾಗಿ ತೂಗುತ್ತ ಕೂರುತ್ತಿದ್ದ.

"ಏನ್ರೀ ಇದು, ಸ್ವಿಮ್ಮಿಂಗ್ ಪೂಲೇ ಇಲ್ಲ, ಟವೆಲ್ ಒಣಗಿಸ್ತಾ ಇದೀರಿ," ಎಂದು ನನ್ನ ಮಗಳು ಚುಚ್ಚುವಳು.

"ಪ್ರೊಸೀಜರ್ ಪ್ರಾಕ್ಟೀಸ್ ಮಾಡ್ತಿದೀನಿ ಕಣೇ. ಫಸ್ಟ್ ಸ್ಟೆಪ್ಪೇ ಕ್ಲೀನಿಂಗ್. ಹಿತ್ತಾಳೆ ಕ್ಲೀನ್ ಇಲ್ದಿದ್ರೆ ಮುಂದಿಂದೆಲ್ಲ ವೇಸ್ಟ್."

"ಪೆನ್ನಿನ ಕ್ಯಾಪ್‌ನ ಏನ್ ಕ್ಲೀನ್ ಮಾಡ್ತೀರಿ?"

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ," ಎಂದೆ ನಾನು. "ಹೊಲೀಲಿ ಬಿಡು. ರಾಗಿ ಚೆಲ್ಲದಿದ್ರೆ ಸಾಕು."

ಆ ವರ್ಷ ಅವರು ಪಿಆರ್‌ಗೆ ಅರ್ಜಿ ಹಾಕಿದ್ದರು. ಇಲ್ಲಿ ಕಾಯಮ್ಮಾಗಿ ಇರಿ ಎಂದು ಸರ್ಕಾರ ಕೊಡುವ ಅಪ್ಪಣೆ ಅದು. ಮೊಮ್ಮಗಳು ಒಂದನೇ ಕ್ಲಾಸಿಗೆ ಸೇರಬೇಕಿತ್ತು. ಪಿಆರ್ ಇದ್ದರೆ ಸೀಟು ಸಿಗುತ್ತದೆ, ಇಲ್ಲದಿದ್ದರೆ ಎಲ್ಲರೂ ಉಂಡೆದ್ದ ಮೇಲೆ ತಳ ಕೆರೆದುಕೊಳ್ಳಬೇಕು. ಸೀಟು ಸಿಗದಿದ್ದರೆ ಗಂಟು ಕಟ್ಟುವುದೇ ಎಂದು ಮಗಳು ಹೇಳಿಬಿಟ್ಟಿದ್ದಳು. ಹಾಗಾಗಿ ಮನೆಯಲ್ಲಿ ಎಲ್ಲರೂ ತುದಿಗಾಲ ಮೇಲೆ ನಡೆಯುತ್ತಿದ್ದೆವು. ಬ್ಲಾಕಿನ ಬುಡದಲ್ಲಿ ವಾಯ್ಡ್ ಡೆಕ್ ಎಂಬ ಗೋಡೆಯಿಲ್ಲದ ಅಂಗಳವಿದೆ, ಅಲ್ಲಿ ನಾನೊಮ್ಮೆ ಜೋರಾಗಿ ಸೀನಿದ್ದಕ್ಕೂ ಅಳಿಯ ಸುತ್ತ ನೋಡಿದ.

ಅವನು ಗುರುವಾರ ಸಂಜೆ ಕ್ಲಬ್ಬಿಗೆ ಹೋಗುವವನು. ಮಾರನೆಯ ದಿನ ಬೆಳಿಗ್ಗೆ ಬಟ್ಟೆ ಒಗೆಯುವುದು ನನ್ನ ಕೆಲಸ. ಒಂದು ಶುಕ್ರವಾರ ಅವನ ಜಾಕೆಟ್ಟು ಕೊಡವಿದೆ. ಬೆನ್ನ ಹಿಂದೆ ನೇತಾಡುವ ಟೋಪಿಯೊಳಗಿಂದ ಏನೋ ಠಣ್ಣೆಂದು ಬಿತ್ತು. ಬೆರಳ ತುದಿಯಷ್ಟು ಉದ್ದದ ಹಿತ್ತಾಳೆ ಕೊಳವೆ. ಒಂದು ಕಡೆ ಬಾಯಿ, ಇನ್ನೊಂದು ಕಡೆ ತಳ, ಒಳಗೆಲ್ಲ ಮಸಿ. ಪರದೆ ಕಂಬಿಯ ತುಂಡೋ, ಮಗಳ ಲಿಪ್‌ಸ್ಟಿಕ್ಕಿನ ಮುಚ್ಚಳವೋ ಅಂದುಕೊಂಡೆ. ಪಿಸ್ತೂಲಿನ ತೋಟಾ ಎಂದು ನನಗೆ ಹೇಗೆ ಗೊತ್ತಾಗಬೇಕು? ನಮ್ಮ ಮನೆಯ ತೋಟಾ ನೋಡಿದರೆ ಪೆನ್ನಿನ ಕ್ಯಾಪಿನ ಹಾಗಿರುತ್ತಿತ್ತು.

ಶುಕ್ರವಾರ ದೇವರ ಪಾತ್ರೆ ಬೆಳಗುವ ದಿನ. ದೀಪ, ಗಂಟೆ, ಉದ್ಧರಣೆಗಳ ಜೊತೆ ಅದನ್ನೂ ಹಾಕಿಕೊಂಡು ಹುಣಸೆಹಣ್ಣಿನಲ್ಲಿ ಚೆನ್ನಾಗಿ ತಿಕ್ಕಿದೆ. ಒಳಗಿನ ಮಸಿಯನ್ನು ಬತ್ತಿ ಕಡ್ಡಿಯಿಂದ ಕೆರೆದು ತೆಗೆದೆ. ಬಂಗಾರದ ಹಾಗೆ ಹೊಳೆಯಿತು. ನಾನು ಊದುಬತ್ತಿಯನ್ನು ಬಾಳೆಹಣ್ಣಿಗೆ ಚುಚ್ಚುವವಳು. ಬೂದಿ ಬಿದ್ದ ಹಣ್ಣನ್ನು ಮೊಮ್ಮಗಳು ಮುಟ್ಟುವುದಿಲ್ಲ, "ಡರ್ಟಿ ಲಾ ಅಜ್ಜಿ" ಅನ್ನುತ್ತಾಳೆ. ದಿನಾ ಆ ಹಣ್ಣು ನನ್ನ ಪಾಲು. ಇನ್ನು ಆ ಕಷ್ಟ ತಪ್ಪಿತು ಎಂದುಕೊಂಡು ಕೊಳವೆಯೊಳಗೆ ನಾಲ್ಕು ಕಾಳು ರಾಗಿ ತುಂಬಿ, ಮುರಿದ ಊದುಬತ್ತಿ ಸಿಕ್ಕಿಸಿ, ಗಣಪತಿಯ ಪೀಠದ ಸಂದಿಯಲ್ಲಿ ಕೂರಿಸಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳಿಯನಿಗೆ ಕ್ಲಬ್ಬಿನಿಂದ ಫೋನು ಬಂತು. ಅವನ ಮುಖ ಸುಣ್ಣವಾಯಿತು. ಫೋನಿಟ್ಟವನೇ ಚೀಲ ಸುರುವಿದ, ಶೂ ಕೊಡವಿದ, ವಾಷಿಂಗ್ ಮಷಿನ್ನಿನೊಳಗೆ ಟಾರ್ಚ್ ಬಿಟ್ಟ.

"ಲೆಕ್ಕದಲ್ಲಿ ಒಂದು ಖಾಲಿ ಬುಲೆಟ್ ಕೇಸ್ ಶಾರ್ಟ್ ಅಂತೆ. ಲಾಸ್ಟ್ ಲೇನಲ್ಲಿ ಇದ್ದೋನು ನಾನೇ. ನಾಳೆ ಬೆಳಿಗ್ಗೆಯೊಳಗೆ ಸಿಗ್ಲಿಲ್ಲ ಅಂದ್ರೆ ಪೊಲೀಸ್‌ಗೆ ರಿಪೋರ್ಟ್ ಮಾಡ್ಲೇಬೇಕು ಅಂದ್ರು."

ಮಗಳು ಸೋಫಾದ ಮೇಲೆ ಕುಸಿದಳು. "ಮುಗೀತು. ಪಿಆರ್ ಹೋಯ್ತು. ಸೀಟೂ ಹೋಯ್ತು."

"ಎಂಥದು ಕಳೆದಿರೋದು?" ಎಂದು ಕೇಳಿದೆ.

"ಇಷ್ಟುದ್ದ ಇರತ್ತೆ ಅತ್ತೆ, ಹಿತ್ತಾಳೇದು, ಒಳಗೆ ಕಪ್ಪಗೆ..."

"ಈಗ ಕಪ್ಪಗಿಲ್ಲ," ಎಂದು ದೇವರ ಕಡೆ ಕೈ ತೋರಿಸಿದೆ.

ಗಣಪತಿಯ ಮುಂದೆ ಊದುಬತ್ತಿ ಹೊಗೆಯಾಡುತ್ತಿತ್ತು. ಅಳಿಯ ಬಗ್ಗಿ ನೋಡಿದ. ಬತ್ತಿ ಕಿತ್ತು, ತೋಟಾ ಬೋರಲು ಹಾಕಿದ. ಅಂಗೈಗೆ ರಾಗಿ ಉದುರಿತು. ಅಷ್ಟು ದಿನದಿಂದ ಅವನು ಬಾಯಿಪಾಠ ಮಾಡುತ್ತಿದ್ದ ಕೆಲಸ ಮನೆಯಲ್ಲಿ ಆಗಿಹೋಗಿತ್ತು. ಹಿತ್ತಾಳೆ ಶುಚಿಯಾಗಿತ್ತು, ಮದ್ದು ತುಂಬಿತ್ತು, ಬೆಂಕಿಯೂ ತಗುಲಿತ್ತು.

"ಕ್ಲೀನ್ ಯಾಕೆ ಮಾಡಿದ್ರಿ ಅತ್ತೆ?" ಎಂದು ಅಳುವ ದನಿಯಲ್ಲಿ ಕೇಳಿದ. "ಮಸಿ ಇರೋದು ತಗೊಂಡ್ಹೋದ್ರೆ ಟೋಪೀಲಿ ಬಿದ್ದಿತ್ತು ಅನ್ನಬಹುದಿತ್ತು. ಇದು ಪಾಲಿಶ್ ಆಗಿದೆ. ಮನೇಲಿ ರೀಲೋಡ್ ಮಾಡೋಕೆ ಎತ್ಕೊಂಡ್ಹೋದ ಅಂತಾರೆ."

"ಫಸ್ಟ್ ಸ್ಟೆಪ್ಪೇ ಕ್ಲೀನಿಂಗ್ ಅಂದೋನು ನೀನೇ."

ಮಗಳು ಎದ್ದು ಅಡುಗೆಮನೆಯ ಕಸದ ತೂತಿನ ಬಾಗಿಲು ತೆಗೆದಳು. ಮೇಲಿನಿಂದ ಹಾಕಿದರೆ ಸೀದಾ ಬ್ಲಾಕಿನ ಬುಡಕ್ಕೆ ಹೋಗುತ್ತದೆ. "ಎಸೆದುಬಿಡಿ. ನಮಗೆ ಗೊತ್ತೇ ಇಲ್ಲ ಅನ್ನಿ."

ಅಳಿಯನಿಗೆ ಬೇರೆ ಬುದ್ಧಿ ಹೊಳೆಯಿತು. ದೀಪದ ಕುಡಿಯ ಮೇಲೆ ಹಿಡಿದು ಮತ್ತೆ ಮಸಿ ಮಾಡಿದರೆ ಹೇಗೆ ಎಂದ. ಕಾಡಿಗೆ ಹಿಡಿಯುವ ಬಸುರಿಯ ಹಾಗೆ ದೀಪದ ಮುಂದೆ ಕೂತೇಬಿಟ್ಟ. ತೋಟಾ ಕಾದು ಬೆರಳು ಸುಟ್ಟಿತು, ಕೈಬಿಟ್ಟ.

"ಮಸಿ ಬಳಿದ್ಮೇಲೆ ನಿನ್ನ ಮುಖಕ್ಕೇನು ಬಳೀತೀಯ?" ಎಂದೆ. "ಸುಳ್ಳು ಹೇಳಿದ್ರೆ ನಿನ್ನ ಕಿವಿ ಕೆಂಪಗಾಗತ್ತೆ. ಮದುವೆಗೆ ಮುಂಚೆ ಸಂಬಳ ಹೇಳಿದಾಗ್ಲೇ ನೋಡಿದೀನಿ. ಇದ್ದ ಹಾಗೆ ತಗೊಂಡು ನಡಿ. ನಾನೂ ಬರ್ತೀನಿ."

"ನೀವ್ಯಾಕೆ?"

"ತೊಳೆದೋಳು ನಾನು."

ಸೆರಗಿನ ಪಿನ್ನು ಹಾಕಿಕೊಂಡು ಹೊರಟೆ. ಎಂಆರ್‌ಟಿ ರೈಲಿನ ದಾರಿಯುದ್ದಕ್ಕೂ ಅವನು ಟಿಫಿನ್ ಡಬ್ಬಿಯನ್ನು ಎದೆಗವಚಿಕೊಂಡು ಕೂತಿದ್ದ. ಒಳಗೆ ತೋಟಾ ಕಿಣಿಕಿಣಿ ಅನ್ನುತ್ತಿತ್ತು. ಹಿಂದಿನ ದಿನ ಇದೇ ದಾರಿಯಲ್ಲಿ ಅದನ್ನು ಬೆನ್ನ ಮೇಲೆ ಹೊತ್ತು ನಿಶ್ಚಿಂತೆಯಾಗಿ ಬಂದಿದ್ದವನು.

ಕ್ಲಬ್ಬಿನಲ್ಲಿ ಲೆಕ್ಕ ನೋಡುವವನು ಒಬ್ಬ ಚೀನೀ ಮುದುಕ, ನನ್ನ ವಯಸ್ಸಿನವನೇ. ಅಳಿಯ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೇನೋ ಹೇಳಿದ. ಜಾಕೆಟ್ಟು, ಗಾಡ್, ಸಾರಿ ಎಂಬಷ್ಟು ನನಗೆ ತಿಳಿಯಿತು. ಮುದುಕ ಡಬ್ಬಿ ತೆಗೆದು ತೋಟಾವನ್ನು ದೀಪಕ್ಕೆ ಹಿಡಿದ. ಮೂಸಿದ. ಅವರ ಬಾರೂದಿನ ಮನೆಯಲ್ಲಿ ಗಂಧದ ವಾಸನೆ ಅದೇ ಮೊದಲಿರಬೇಕು. ಅಳಿಯನನ್ನು ಬಿಟ್ಟು ನನ್ನ ಕಡೆ ತಿರುಗಿದ.

"ಆಂಟಿ, ಯು ವಾಶ್ ಆ?"

"ವಾಶ್," ಎಂದೆ. "ಟ್ಯಾಮರಿಂಡ್."

"ವೈ?"

"ಫ್ರೈಡೇ."

ಅವನು ನನ್ನನ್ನು ನೋಡಿದ, ನಾನೂ ನೋಡಿದೆ. ಇದಕ್ಕಿಂತ ಹೆಚ್ಚಿನ ಕಾರಣ ನನ್ನ ಹತ್ತಿರ ಇರಲಿಲ್ಲ. ಅವನ ಮೇಜಿನ ಹಿಂದೆಯೂ ಒಂದು ಕೆಂಪು ದೇವರ ಗೂಡಿತ್ತು, ಮುಂದೆ ಕಿತ್ತಳೆಹಣ್ಣು. ಅವನ ದೇವರ ಕಡ್ಡಿಗಳಿಗೆ ಸರಿಯಾದ ಬಟ್ಟಲಿತ್ತು.

ತೋಟಾ ತೆಗೆದುಕೊಂಡು ಒಳಕೋಣೆಗೆ ಹೋದ. ಯಾರ ಜೊತೆಯೋ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದ. ಅಳಿಯ ನಿಂತೇ ಇದ್ದ, ನಾನು ಕೂತೆ.

"ಬ್ರಿಂಗ್ ಬ್ಯಾಕ್, ಕ್ಯಾನ್," ಎನ್ನುತ್ತ ಹೊರಗೆ ಬಂದ. "ನೆವರ್ ಬ್ರಿಂಗ್ ಬ್ಯಾಕ್, ಕೆನಾಟ್." ವಾಪಸು ತಂದದ್ದಕ್ಕೆ ಪರವಾಗಿಲ್ಲ, ತರದಿದ್ದರೆ ಆಗುತ್ತಿರಲಿಲ್ಲ ಅಂತ.

ಕೆಲವು ತಿಂಗಳು ಅಳಿಯ ಕ್ಲಬ್ಬಿಗೆ ಕಾಲಿಡಬಾರದು, ಆಮೇಲೆ ಬಂದರೆ ಟೋಪಿ ಇಲ್ಲದ ಬಟ್ಟೆಯಲ್ಲಿ ಬರಬೇಕು. ಪೊಲೀಸಿನ ಮಾತು ಅಲ್ಲಿಗೆ ನಿಂತಿತು. ಬಾಗಿಲ ತನಕ ಬಂದ ಮುದುಕ ಅಳಿಯನಿಗೆ ಇನ್ನೊಂದು ಮಾತು ಹೇಳಿ ನಕ್ಕ. ಏನಂದ ಎಂದು ಕೇಳಿದೆ. "ಮೆಷಿನ್‌ಗಿಂತ ಚೆನ್ನಾಗಿ ಕ್ಲೀನ್ ಆಗಿದೆಯಂತೆ," ಎಂದ ಅಳಿಯ. ಅವನು ನಗಲಿಲ್ಲ.

ಪಿಆರ್ ಬಂತು. ಯಾಕೆ ಕೊಟ್ಟೆವು ಎಂದು ಅವರು ಹೇಳುವುದಿಲ್ಲ, ಕೊಡದಿದ್ದರೂ ಹೇಳುವುದಿಲ್ಲವಂತೆ. ನಿಜ ಒಪ್ಪಿಕೊಂಡದ್ದರ ಫಲ ಎಂದು ಅಳಿಯ ಹೇಳುತ್ತಾನೆ, ಸಂಕಷ್ಟಿಯ ಫಲ ಎಂದು ಮಗಳು. ಮೊಮ್ಮಗಳಿಗೆ ಸೀಟು ಸಿಕ್ಕಿತು, ನನಗೆ ಅಷ್ಟು ಸಾಕು. ಅಳಿಯ ಮತ್ತೆ ಪೆನ್ನಿನ ಕ್ಯಾಪು ಮುಟ್ಟಲಿಲ್ಲ. ಅವನು ಕೂಡಿಟ್ಟ ಮದ್ದನ್ನೆಲ್ಲ ಮಿಕ್ಸಿಗೆ ಹಾಕಿ ಮುದ್ದೆ ಮಾಡಿ ಅವನಿಗೇ ಬಡಿಸಿದೆ.

ಒಂದು ಹಿತ್ತಾಳೆ ಊದುಬತ್ತಿ ಸ್ಟ್ಯಾಂಡು ತಂದುಕೊಡು ಎಂದು ಅವನಿಗೆ ಆಗಲೇ ಹೇಳಿದ್ದೆ. ಹಿತ್ತಾಳೆ ಎಂದರೆ ಈಗಲೂ ಬೆಚ್ಚುತ್ತಾನೆ. ಬತ್ತಿಯನ್ನು ಬಾಳೆಹಣ್ಣಿಗೇ ಚುಚ್ಚುತ್ತಿದ್ದೇನೆ, ಬೂದಿ ಬಿದ್ದ ಹಣ್ಣನ್ನು ನಾನೇ ತಿನ್ನುತ್ತಿದ್ದೇನೆ.